ಮಂಜುಗಡ್ಡೆಯ ಮೇಲೆ ಜಾರಿದ ಚೈನು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಪೀಣ್ಯದ ಒಂದು ಶೆಡ್ಡಿನಲ್ಲಿ ಹದಿನೆಂಟು ವರ್ಷದಿಂದ ತಪಾಸಣೆಯ ಕೆಲಸ ಮಾಡುತ್ತಿರುವ ಹೆಂಗಸಿಗೆ ಕೋಪ ಇನ್ನೆಲ್ಲಿ ಇರಬೇಕು? ಮೆಲ್ಲಗೆ ಮಾತಾಡಿದರೆ ಕಬ್ಬಿಣ ಕತ್ತರಿಸುವ ಪ್ರೆಸ್ಸುಗಳ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಜೋರಾಗಿ ಮಾತಾಡಿದರೆ ‘ಮೇಡಂಗೆ ಇವತ್ತು ಏನೋ ಆಗಿದೆ’ ಎನ್ನುತ್ತಾರೆ. ಈಗ ಹೇಳಹೊರಟಿರುವುದು ಹೋದ ಚಳಿಗಾಲದ ಸಿಟ್ಟು. ಅದು ಇನ್ನೂ ಇಳಿದಿಲ್ಲ. ನಮ್ಮ ಮಾಲೀಕರ ಮೇಲಿದೆ, ಮುಖ ನೋಡದ ಪರದೇಶದ ಗಿರಾಕಿಯ ಮೇಲಿದೆ, ನಮ್ಮ ಡ್ರಾಯಿಂಗಿನ ಕೆಳಗೆ ಅಚ್ಚಾಗಿ ಬರುವ ಒಂದು ಸಾಲಿನ ಮೇಲಿದೆ. ನನ್ನ ಮೇಲೆ ಎಷ್ಟಿದೆ ಎಂಬುದು ಹೇಳುತ್ತಾ ಹೋದಂತೆ ಗೊತ್ತಾಗುತ್ತದೆ.

ನಮ್ಮಲ್ಲಿ ತಯಾರಾಗುವುದು ಚಕ್ರಕ್ಕೆ ಕಟ್ಟುವ ಚೈನು. ಆನೇಕಲ್ ಕಡೆಯ ರೆಸಾರ್ಟುಗಳಲ್ಲಿ ಭಾನುವಾರ ಜನ ಕೂಗಾಡುತ್ತ, ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಓಡಿಸುವ ದಪ್ಪ ಟೈರಿನ ನಾಲ್ಕು ಚಕ್ರದ ಬೈಕು ಇದೆಯಲ್ಲ, ಎಟಿವಿ ಎನ್ನುತ್ತಾರೆ, ಅದರ ಚಕ್ರಕ್ಕೆ. ನಮಗೆ ಅದು ಆಟದ ಗಾಡಿ. ಚಳಿಯ ದೇಶಗಳಲ್ಲಿ ಅದು ದುಡಿಯುವ ಗಾಡಿ. ಸೌದೆ ಎಳೆಯುತ್ತದೆ, ಮನೆಯ ಮುಂದೆ ಬಿದ್ದ ಹಿಮ ತಳ್ಳುತ್ತದೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವವರನ್ನು ಹೊತ್ತುಕೊಂಡು ಹೋಗುತ್ತದೆ. ಉದುರು ಹಿಮವಾದರೆ ಟೈರಿನ ಗಾಳಿಯನ್ನು ಕೊಂಚ ಇಳಿಸಿದರೆ ಸಾಕು, ಟೈರು ಅಗಲವಾಗಿ ಕೂತು ಹೇಗೋ ಸಾಗುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ರಬ್ಬರಿನ ಆಟ ನಡೆಯುವುದಿಲ್ಲ. ಅಲ್ಲಿ ಕಬ್ಬಿಣ ಕಚ್ಚಬೇಕು. ಅದಕ್ಕಾಗಿ ಟೈರಿನ ಮೇಲೆ ಅಡ್ಡಡ್ಡ ಹಾಯುವ ಸರಪಳಿಯ ಕೊಂಡಿಗಳಿಗೆ, ಒಂದು ಬಿಟ್ಟು ಒಂದಕ್ಕೆ, ಸಣ್ಣ ಉಕ್ಕಿನ ತುಂಡುಗಳನ್ನು ವೆಲ್ಡ್ ಮಾಡಿರುತ್ತೇವೆ. ಅವನ್ನು ಹಲ್ಲು ಎನ್ನುತ್ತೇವೆ.

ಇಷ್ಟೆಲ್ಲ ನನಗೆ ತಿಳಿದದ್ದು ಪೆಟ್ಟಿಗೆಯೊಳಗೆ ಮಡಿಸಿಡುವ ಕಾಗದದಿಂದ. ಚೈನನ್ನು ಬಿಗಿಯಾಗಿ ಕಟ್ಟಿ, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಹೊರೆಯ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವಂತೆ ಇಡಿ. ಆಕ್ಸಿಲರೇಟರ್ ಮೆಲ್ಲಗೆ ಕೊಡಿ, ತಟ್ಟನೆ ಬ್ರೇಕ್ ಹಿಡಿಯಬೇಡಿ. ಏಪ್ರಿಲ್ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ನಾನು ಇದನ್ನು ಎಷ್ಟು ಸಲ ಓದಿದ್ದೇನೋ. ನಮ್ಮ ಶೆಡ್ಡಿನಲ್ಲಿ ಹಿಮ ನೋಡಿದವರು ಒಬ್ಬರೂ ಇಲ್ಲ. ಫ್ರಿಜ್ಜಿನ ಮೇಲಿನ ಗೂಡಿನಲ್ಲಿ ಕಟ್ಟುವ ಬಿಳಿ ಪದರವೇ ನಮ್ಮ ಹಿಮಾಲಯ.

ಹಿಮ ಗೊತ್ತಿರಲಿಲ್ಲ, ಸರಿ. ಬರ್ ಮಾತ್ರ ನಮಗೆ ಚೆನ್ನಾಗಿ ಗೊತ್ತಿತ್ತು. ಲೋಹವನ್ನು ಕತ್ತರಿಸಿದಾಗ, ಕೊರೆದಾಗ ಅಂಚಿನಲ್ಲಿ ಉಳಿದುಬಿಡುವ ಚೂಪಾದ ಸಿಬಿರಿಗೆ ಬರ್ ಎನ್ನುತ್ತಾರೆ. ಪೀಣ್ಯದಲ್ಲಿ ಯಾವ ಶೆಡ್ಡಿಗೆ ಹೋದರೂ ಮೊದಲ ದಿನ ಕಲಿಸುವ ಪಾಠ ಅದೇ. ಬರ್ ಇದ್ದರೆ ಕೈ ಕುಯ್ಯುತ್ತದೆ, ಬರ್ ಇದ್ದರೆ ಪೀಸು ವಾಪಸ್ಸು ಬರುತ್ತದೆ. ತುಂಡನ್ನು ಕೈಗೆ ಕೊಟ್ಟ ತಕ್ಷಣ ನಮ್ಮ ಹೆಬ್ಬೆರಳು ತಾನಾಗಿಯೇ ಅಂಚಿನ ಮೇಲೆ ಓಡುತ್ತದೆ. ಮದುವೆ ಮನೆಯಲ್ಲಿ ಸ್ಟೀಲ್ ಲೋಟ ಕೊಟ್ಟರೂ ನಾನು ಅಂಚು ಸವರಿ ನೋಡುತ್ತೇನೆ. ನಮ್ಮ ಪ್ರತಿ ಡ್ರಾಯಿಂಗ್ ಹಾಳೆಯ ಕೆಳಗೆ, ಯಾರೂ ಬರೆಯದಿದ್ದರೂ, ಮೊದಲೇ ಅಚ್ಚಾಗಿರುವ ಸಾಲೊಂದಿದೆ: ಎಲ್ಲ ಬರ್‌ಗಳನ್ನೂ ಚೂಪು ಅಂಚುಗಳನ್ನೂ ತೆಗೆಯುವುದು. ಗಿರಾಕಿ ಕಳಿಸಿದ ಡ್ರಾಯಿಂಗನ್ನು ನಮ್ಮ ಆಫೀಸಿನಲ್ಲಿ ನಮ್ಮ ಹಾಳೆಗೆ ಇಳಿಸಿಕೊಳ್ಳುತ್ತಾರೆ. ಹಲ್ಲಿನ ಡ್ರಾಯಿಂಗ್ ಹಾಗೆ ಇಳಿದು ನನ್ನ ಮೇಜಿಗೆ ಬಂತು. ನಾನು ಅಳತೆಗಳನ್ನೆಲ್ಲ ತಾಳೆ ನೋಡಿ ಸಹಿ ಹಾಕಿದೆ. ಕೆಳಗಿನ ಸಾಲನ್ನು ಓದಲಿಲ್ಲ. ದಿನಾ ನೋಡುವ ಸಾಲನ್ನು ಯಾರು ಓದುತ್ತಾರೆ?

ಹಲ್ಲಿನ ಅಂಚಿಗೆ ಅರ ಹಾಕಿ ಉಜ್ಜುವ ಕೆಲಸ ಬಂದದ್ದು ಅಕ್ಕನ ಬೆಂಚಿಗೆ. ನಾವೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು. ಪೀಣ್ಯಕ್ಕೆ ಕಾರ್ಖಾನೆಗಳು ಬರುವ ಮೊದಲಿಂದಲೂ ಇಲ್ಲಿ ಇದ್ದ ಮನೆತನದವರು. ಆಕೆಯ ಮಾವ ತುಮಕೂರು ರಸ್ತೆಯ ಬದಿಯಲ್ಲಿ ಗಾಡಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರಂತೆ. ಆಕೆಯೂ ಸೊಸೆಯಾಗಿ ಬಂದ ಹೊಸದರಲ್ಲಿ ಎತ್ತಿನ ಕಾಲಿಗೆ ಹಗ್ಗ ಹಿಡಿದಿದ್ದಾರೆ, ಮೊಳೆ ಎತ್ತಿ ಕೊಟ್ಟಿದ್ದಾರೆ. ಈಗ ಆ ಮನೆಯ ಜಾಗದಲ್ಲಿ ಬಾಡಿಗೆ ರೂಮುಗಳಿವೆ. ಹೊಟ್ಟೆಪಾಡಿಗೆ ಆಕೆ ಕೆಲಸಕ್ಕೆ ಬರಬೇಕಾಗಿರಲಿಲ್ಲ. ಬರುತ್ತಿದ್ದರು, ಯಾಕೆಂದರೆ ಅರ ಹಿಡಿದರೆ ಆ ಕೈಗೆ ಸಾಟಿ ಇರಲಿಲ್ಲ, ಅದು ಆಕೆಗೂ ಗೊತ್ತಿತ್ತು, ಆಚೀಚೆ ಶೆಡ್ಡಿನವರಿಗೂ ಗೊತ್ತಿತ್ತು. ಮೆಷಿನ್ನಿನಲ್ಲಿ ಕೂರದ ತುಂಡನ್ನು ಅಕ್ಕಪಕ್ಕದ ಬೀದಿಯವರು ಹಿಡಿದುಕೊಂಡು ಬಂದು, ‘ಆಯಮ್ಮನ ಕೈಲಿ ಒಂದು ಸಲ ಹಾಕಿಸಿ ಕೊಡಿ’ ಎಂದು ಕೇಳುತ್ತಿದ್ದರು.

ಮೊದಲ ದಿನವೇ ಆಕೆ ಹಲ್ಲು ವೆಲ್ಡ್ ಮಾಡಿದ ಒಂದು ಚೈನನ್ನು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಇದನ್ಯಾಕಮ್ಮ ಉಜ್ಜದು? ಕಚ್ಚಕ್ಕೆ ಅಂತ ಮಾಡಿರದಲ್ವಾ ಇದು?”

“ಡ್ರಾಯಿಂಗಲ್ಲಿ ಹಾಗೇ ಇದೆ ಅಕ್ಕ. ಬರ್ ಇರಬಾರ್ದು.”

“ಇದು ಬರ್ ಅಲ್ಲ ಕಣಮ್ಮ. ಲಾಳದ ಮೊಳೆ ಇದ್ದಂಗೆ. ಮೊಳೆ ತಲೆ ಎದ್ದಿದ್ರೇನೆ ಎತ್ತು ನಿಲ್ಲದು. ತಲೆ ಸವೆದೋದ್ರೆ ಟಾರು ರೋಡ್ನಾಗೆ ಜಾರಿ ಮಂಡಿ ಊರ್ತದೆ. ನಾನ್ ನೋಡಿಲ್ವಾ?”

ಅವತ್ತು ನನಗೆ ಏನಾಗಿತ್ತೋ. ಬೆಳಿಗ್ಗೆಯಿಂದ ನಾಲ್ಕು ಜನ ನಾಲ್ಕು ತಲೆಹರಟೆ ಪ್ರಶ್ನೆ ತಂದಿದ್ದರು. ನಾನು ಎದ್ದು ನಿಂತು ಕೂಗಿದೆ: “ಅಕ್ಕ, ಇದು ಎಕ್ಸ್‌ಪೋರ್ಟ್ ಐಟಂ, ಎತ್ತಿನ ಲಾಳ ಅಲ್ಲ. ಗೊತ್ತಿಲ್ದೇ ಇರೋ ವಿಷ್ಯಕ್ಕೆ ತಲೆ ಹಾಕ್ಬೇಡಿ. ಹೇಳ್ದಷ್ಟು ಮಾಡಿ ಸಾಕು.” ಟೀ ಹೊತ್ತು, ಪ್ರೆಸ್ಸುಗಳು ನಿಂತಿದ್ದವು. ಶೆಡ್ಡಿನ ಆ ತುದಿಯಲ್ಲಿ ಬನ್ನು ಅದ್ದುತ್ತಿದ್ದವರೂ ತಿರುಗಿ ನೋಡಿದರು. ಅಕ್ಕ ಬೆಂಚಿಗೆ ಹೋಗಿ ಕೂತರು. ಆಮೇಲೆ ಒಂದೊಂದು ಹಲ್ಲನ್ನೂ ಎಷ್ಟು ಚೆನ್ನಾಗಿ ಉಜ್ಜಿದರೆಂದರೆ, ಮೊದಲ ಲಾಟು ಹೊರಡುವಾಗ ಮಾಲೀಕರು ಅದರ ಮೇಲೆ ಬೆರಳಾಡಿಸಿ, “ಬೆಣ್ಣೆ ಇದ್ದಂಗಿದೆಯಲ್ಲ ಮೇಡಂ” ಎಂದರು. ನಾನು ಹಿಗ್ಗಿಹೋದೆ. ನನ್ನ ತಪಾಸಣೆ ಎಂದರೆ ಹಾಗೆ ಎಂದುಕೊಂಡೆ.

ಜನವರಿಯಲ್ಲಿ ದೂರು ಬಂತು. ಜೊತೆಗೆ ಒಂದು ವಿಡಿಯೊ. ಬಿಳಿ ಬಯಲಿನಲ್ಲಿ ದಪ್ಪ ಕೋಟು ತೊಟ್ಟವರೊಬ್ಬರು ಎಟಿವಿ ಹತ್ತಿ ಮೆಲ್ಲಗೇ ಹೊರಡುತ್ತಾರೆ, ನಮ್ಮ ಕಾಗದದಲ್ಲಿ ಬರೆದ ಹಾಗೆಯೇ. ಸಣ್ಣ ಇಳಿಜಾರು ಬಂದದ್ದೇ ಗಾಡಿ ಅಡ್ಡಡ್ಡ ಜಾರಲು ಶುರು. ಚಕ್ರ ತಿರುಗುತ್ತಿದೆ, ಚೈನು ತಿರುಗುತ್ತಿದೆ, ಗಾಡಿ ಮಾತ್ರ ತನಗೆ ಇಷ್ಟ ಬಂದ ಕಡೆ ಹೋಗುತ್ತಿದೆ. ಕೊನೆಗೆ ಬೇಲಿಗೆ ಗುದ್ದಿತು. ಆತನ ಮಣಿಕಟ್ಟು ಮುರಿದಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದರು. ವಿಡಿಯೊವನ್ನು ಮೂರು ಸಲ ನೋಡಿದೆ. ಮೂರನೆಯ ಸಲ ಚಕ್ರದ ಕಡೆ ನೋಡದೆ ಆ ಮನುಷ್ಯನ ಕೈಯನ್ನೇ ನೋಡಿದೆ.

ಮಾಲೀಕರು ಫೋನನ್ನು ಮೇಜಿನ ಮೇಲೆ ಎಸೆದು, “ಡ್ರೈವಿಂಗ್ ಬರಲ್ಲ ಆ ಮನುಷ್ಯನಿಗೆ. ನಮ್ ಚೈನ್ ತಪ್ಪಾ? ನಾವೇ ಟೆಸ್ಟ್ ಮಾಡಿ ವಿಡಿಯೊ ಕಳ್ಸೋಣ” ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ, ನೋಡದ ನೆಲವನ್ನೇ ಡೊಂಕು ಎಂದುಬಿಟ್ಟರು.

ಎರಡು ದಿನದಲ್ಲಿ ಆನೇಕಲ್ ಕಡೆಯ ರೆಸಾರ್ಟಿನಿಂದ ಒಂದು ಎಟಿವಿ ಟೆಂಪೊ ಹತ್ತಿ ಬಂತು, ಜೊತೆಗೆ ಅದನ್ನು ಓಡಿಸುವ ಡ್ರೈವರು. ಐಸ್ ಫ್ಯಾಕ್ಟರಿಯಿಂದ ದಿಮ್ಮಿಗಳು ಬಂದವು, ಗೋಣಿಚೀಲ ಸುತ್ತಿ, ಮರದ ಹೊಟ್ಟು ಮೆತ್ತಿಕೊಂಡು. ಅಂಗಳದಲ್ಲಿ ಆಂಗಲ್ ಕಬ್ಬಿಣದ ಚೌಕಟ್ಟು ಹಾಕಿ ಅದರೊಳಗೆ ದಿಮ್ಮಿಗಳನ್ನು ಸಾಲಾಗಿ ಮಲಗಿಸಿದೆವು. ಜನವರಿಯಾದರೂ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಕರಗಿಹೋದೀತು ಎಂದು ಮಾಲೀಕರು ಇನ್ನೊಂದು ಚೀಲ ಹೊಟ್ಟು ತರಿಸಿ ಮೇಲೆಲ್ಲ ಸುರಿಸಿದರು. ಹಬ್ಬಕ್ಕೆ ರಂಗೋಲಿ ಹಾಕುವವರ ಹಾಗೆ ನಿಂತು ‘ಅಲ್ಲಿ ಹಾಕಿ, ಇಲ್ಲಿ ಹಾಕಿ’ ಎಂದು ತೋರಿಸಿದರು.

ನಾಲ್ಕೂ ಚಕ್ರಕ್ಕೆ ಚೈನು ಕಟ್ಟಿ, ಹಿಂದೆ ಭಾರದ ಟ್ರಾಲಿ ಬಿಗಿದು, ಡ್ರೈವರು ಗಾಡಿಯನ್ನು ಐಸಿನ ಮೇಲೆ ಹತ್ತಿಸಿದರು. ಗಾಡಿ ಟ್ರಾಲಿಯನ್ನು ಎಳೆದುಕೊಂಡು ಸಲೀಸಾಗಿ ದಾಟಿತು. ಮಾಲೀಕರು ಚಪ್ಪಾಳೆ ಹೊಡೆದರು. “ನೋಡಿದ್ರಾ ಮೇಡಂ? ಕಳ್ಸಿ ವಿಡಿಯೊ.” ಹತ್ತು ಜನ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಚಕ್ರದ ಕೆಳಗೆ ಹೋಗಿ ನೋಡಿದರೆ ಹೊಟ್ಟು ಒದ್ದೆಯಾಗಿ ಐಸಿಗೆ ಅಂಟಿ ಚಾಪೆಯ ಹಾಗಾಗಿತ್ತು. ಗಾಡಿ ನಡೆದದ್ದು ಮರದ ಮೇಲೆ, ಐಸಿನ ಮೇಲಲ್ಲ. ಯಾವ ಕೆರೆಯ ಮೇಲೆ ಯಾರು ಹೊಟ್ಟು ಸುರಿದಿಡುತ್ತಾರೆ? ಕಣ್ಣಿಗೆ ಕಾಣುವ ಇಷ್ಟು ದೊಡ್ಡ ಸುಳ್ಳನ್ನು ನೋಡಿ ಚಪ್ಪಾಳೆ ಹೊಡೆಯುವವರನ್ನು ಕಂಡು ನನ್ನ ಮೈ ಉರಿಯಿತು. ನಲ್ಲಿಯ ಪೈಪು ಎಳೆದು ತಂದು, ಯಾರ ಅಪ್ಪಣೆಯನ್ನೂ ಕೇಳದೆ ಹೊಟ್ಟನ್ನೆಲ್ಲ ತೊಳೆದೆ.

“ಈಗ ಓಡ್ಸಿ ಅಣ್ಣ,” ಎಂದೆ ಡ್ರೈವರಿಗೆ.

ಚಕ್ರಗಳು ಇದ್ದ ಜಾಗದಲ್ಲೇ ಗಿರಗಿರ ತಿರುಗಿದವು. ಅಕ್ಕ ಬೆಣ್ಣೆಯಂತೆ ಮಾಡಿದ್ದ ಹಲ್ಲುಗಳು ಐಸನ್ನು ಸವರಿದವೇ ಹೊರತು ಕಚ್ಚಲಿಲ್ಲ. ಗಾಡಿಯ ಹಿಂಭಾಗ ನಿಧಾನಕ್ಕೆ ಪಕ್ಕಕ್ಕೆ ಸರಿದು ಚೌಕಟ್ಟಿಗೆ ಒರಗಿತು. “ಸೋಪ್ ಹಾಕ್ದಂಗೆ ಐತೆ ಮೇಡಂ,” ಎಂದರು ಡ್ರೈವರು. ನಾನು ರಿಜೆಕ್ಟ್ ಡಬ್ಬಿಯಿಂದ, ವೆಲ್ಡಿಂಗ್ ಸೊಟ್ಟಗಾಗಿದೆ ಎಂದು ಅರ ಹಾಕುವ ಮೊದಲೇ ಎಸೆದಿದ್ದ ಚೈನುಗಳನ್ನು ಹೆಕ್ಕಿ ತಂದು ಹಿಂದಿನ ಎರಡು ಚಕ್ರಕ್ಕೆ ಕಟ್ಟಿಸಿದೆ. ಐಸಿನ ಚೂರು ನಮ್ಮ ಮುಖಕ್ಕೆ ಸಿಡಿಯಿತು. ಗಾಡಿ ಟ್ರಾಲಿಯ ಸಮೇತ ಒಂದೇ ಎಳೆತಕ್ಕೆ ಆಚೆ ಹೋಯಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ‘ನಾನು ಹೇಳಿರಲಿಲ್ವಾ’ ಎನ್ನಬಹುದಿತ್ತು. ಅಂದಿದ್ದರೆ ನನಗೂ ವಾಪಸ್ಸು ರೇಗಲು ಒಂದು ನೆಪ ಸಿಗುತ್ತಿತ್ತು. ಆಕೆ ಸುಮ್ಮನೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ತಪ್ಪು ಎಲ್ಲಿದೆ ಎಂದು ಮಾಲೀಕರಿಗೆ ಅರ್ಥವಾಯಿತು, ಅದರಲ್ಲಿ ಅವರು ಜಾಣರೇ. ಮುಂದಿನ ಲಾಟಿಗೆ ಅರ ಹಾಕುವುದು ಬೇಡ ಎಂದು ಅಲ್ಲೇ ಹೇಳಿಬಿಟ್ಟರು. ಉಳಿದದ್ದು ಗಿರಾಕಿಗೆ ಕಳಿಸುವ ರಿಪೋರ್ಟು. ಅದಕ್ಕೊಂದು ಫಾರಂ ಇದೆ. ತಪ್ಪು ಏನು, ಕಾರಣ ಏನು, ಕಾರಣಕ್ಕೆ ಏನು ಕ್ರಮ ತೆಗೆದುಕೊಂಡಿರಿ ಎಂದು ಮೂರು ಖಾನೆ. ಅದನ್ನು ತುಂಬುವುದು ನನ್ನ ಕೆಲಸ.

“ಕಾರಣಕ್ಕೆ ಏನ್ ಬರೀಲಿ ಸಾರ್?” ಎಂದು ಕೇಳಿದೆ.

“ಏನಾದ್ರೂ ಹಾಕಿ ಮೇಡಂ. ಸಂಜೆ ಒಳಗೆ ಹೋಗ್ಬೇಕು ಅಷ್ಟೇ.”

ಕಂಪ್ಯೂಟರಿನ ಮುಂದೆ ಕೂತೆ. ಕಾರಣ ನನಗೆ ಗೊತ್ತಿತ್ತು. ಆ ಅಚ್ಚಾದ ಸಾಲು, ಅದನ್ನು ಓದದೆ ಬಿದ್ದ ನನ್ನ ಸಹಿ, ಎಚ್ಚರಿಸಲು ಬಂದವರನ್ನು ಕೂಗಿ ಕೂರಿಸಿದ ನನ್ನ ಬಾಯಿ. ಹಾಗೆಂದು ಬರೆದರೆ ಇಷ್ಟು ವರ್ಷ ನಾನು ಸಹಿ ಹಾಕಿದ ಹಾಳೆಗಳನ್ನೆಲ್ಲ ಯಾರಾದರೂ ತೆಗೆದು ನೋಡುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲಿ ಬೇರೆಯದನ್ನು ಬರೆದೆ. ತರಬೇತಿ ಇಲ್ಲದ ಕೆಲಸಗಾರ್ತಿ ಅಗತ್ಯಕ್ಕಿಂತ ಹೆಚ್ಚು ಅರ ಹಾಕಿದ್ದಾಳೆ. ಆಕೆಯನ್ನು ಈ ಕೆಲಸದಿಂದ ತೆಗೆಯಲಾಗಿದೆ. ಮತ್ತೆ ಸೇರಿಸಿಕೊಳ್ಳುವ ಮೊದಲು ತರಬೇತಿ ನೀಡಲಾಗುವುದು. ಹೆಸರು ಹಾಕಲಿಲ್ಲ. ಬರೀ ಕಾಗದ ತಾನೇ, ಸಮುದ್ರದಾಚೆಗೆ ಹೋಗುವ ಕಾಗದ, ಯಾರು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಿದ ಕೈ ನನ್ನದೇ.

ಬೇರೆ ದಿನಗಳಲ್ಲಿ ಒಂದು ಸಾಲೂ ಓದದ ಮಾಲೀಕರು ಅವತ್ತು ಅದನ್ನು ಪೂರ್ತಿ ಓದಿದರು. “ಚೆನ್ನಾಗಿದೆ. ಹಾಗಾದ್ರೆ ಆಯಮ್ಮಂಗೆ ಸ್ವಲ್ಪ ದಿನ ಬರ್ಬೇಡಿ ಅಂತ ಹೇಳಿಸ್ಬಿಡ್ತೀನಿ. ಆಡಿಟ್‌ನವ್ರು ಬಂದು ಕೇಳಿದ್ರೆ ಸರಿಹೋಗ್ಬೇಕಲ್ಲ?” ಎಂದರು. ನಾನು ರಿಪೋರ್ಟನ್ನು ಗಿರಾಕಿಗೆ ಕಳಿಸಿದೆ. ಮರುದಿನ ಅಕ್ಕ ಬೆಂಚಿನ ಮೇಲಿದ್ದ ಅರವನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು, ಯಾರ ಕಡೆಯೂ ನೋಡದೆ ಹೊರಟುಹೋದರು.

“ಪಾಪ, ಆದ್ರೆ ಅವ್ರಿಗೇನ್ ಬಿಡಿ, ಬಾಡಿಗೆ ಬರತ್ತೆ,” ಎಂದರು ಪ್ಯಾಕಿಂಗಿನವರು. ನಾನೂ ತಲೆಯಾಡಿಸಿದೆ. ಆ ಮಾತನ್ನು ಹಿಡಿದುಕೊಂಡು ಹತ್ತು ದಿನ ಊಟ ಮಾಡಿದೆ, ನಿದ್ದೆ ಮಾಡಿದೆ. ನಾಗಸಂದ್ರದಲ್ಲಿ ಮೆಟ್ರೊ ಇಳಿದು ಶೆಡ್ಡಿಗೆ ನಡೆಯುವಾಗ ದಾರಿಯಲ್ಲಿ ಆಕೆ ಸಿಕ್ಕಿಬಿಟ್ಟರೆ ಎಂದು ಇನ್ನೊಂದು ಬೀದಿಯಿಂದ ಸುತ್ತಿಕೊಂಡು ಹೋದೆ. ಮನೆಯಲ್ಲಿ ಕುಕ್ಕರ್ ಕೂಗಿದರೆ ಕುಕ್ಕರಿನ ಮೇಲೆ ರೇಗಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ.

ಹತ್ತನೆಯ ದಿನ ಹಳೆಯ ಮೇಲ್‌ಗಳನ್ನು ಕೆದಕಿ ಗಿರಾಕಿ ಮೊದಲು ಕಳಿಸಿದ್ದ ಡ್ರಾಯಿಂಗನ್ನು ತೆರೆದೆ. ಹಲ್ಲಿನ ಚಿತ್ರದ ಪಕ್ಕದಲ್ಲೇ ಬಾಣದ ಗುರುತು ಹಾಕಿ ಬರೆದಿತ್ತು: ಅಂಚು ಚೂಪಾಗಿಯೇ ಇರಬೇಕು, ಉಜ್ಜಬಾರದು. ನಮ್ಮ ಹಾಳೆಗೆ ಇಳಿಸುವಾಗ ಆ ಬಾಣ ಬಿದ್ದುಹೋಗಿದೆ, ನಮ್ಮ ಅಚ್ಚಿನ ಸಾಲು ಉಳಿದುಕೊಂಡಿದೆ. ಅಕ್ಕ ಎತ್ತಿನ ಮಂಡಿ ನೋಡಿ ಕಲಿತದ್ದನ್ನೇ ಅವರು ಇಂಗ್ಲಿಷಿನಲ್ಲಿ ಬರೆದಿದ್ದರು.

ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, “ಬಿಡಿ ಮೇಡಂ. ರಿಪೋರ್ಟ್ ಒಪ್ಕೊಂಡಿದ್ದಾರೆ, ಬೇಗ ಕ್ರಮ ತಗೊಂಡ್ರಿ ಅಂತ ಥ್ಯಾಂಕ್ಸ್ ಬೇರೆ ಹೇಳಿದ್ದಾರೆ. ಈಗ್ಯಾಕೆ ಕೆದಕ್ತೀರಾ?” ಎಂದರು. ಆ ಥ್ಯಾಂಕ್ಸ್ ಓದಿ ನನಗೆ ಇನ್ನಷ್ಟು ರೋಷ ಬಂತು. ಉಜ್ಜಬಾರದೆಂದು ಬರೆದವರೇ ಅವರು. ತಮ್ಮ ಡ್ರಾಯಿಂಗನ್ನು ಒಮ್ಮೆ ತೆಗೆದು ನೋಡಿ ‘ಇದನ್ನು ಏಕೆ ಪಾಲಿಸಲಿಲ್ಲ’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಖಾನೆಯಲ್ಲಿ ಒಬ್ಬಳ ತಲೆ ಇತ್ತು, ಸಾಕಾಯಿತು. ಆ ಮುರಿದ ಮಣಿಕಟ್ಟು ಕೂಡಿತೋ ಇಲ್ಲವೋ ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಮೂರಂತಸ್ತಿನ ಬಾಡಿಗೆ ರೂಮುಗಳ ಕೆಳಗೆ, ಮುಂದಿನ ಎರಡು ಕೋಣೆಯಲ್ಲಿ ಆಕೆಯ ಸಂಸಾರ. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ‘ಬಾ, ಕೂತ್ಕೊ’ ಎಂದರು. ಕಾಫಿ ಮಾಡಿ ಕೊಟ್ಟರು. ನಾನು ಡ್ರಾಯಿಂಗಿನ ವಿಷಯ, ಬಾಣದ ವಿಷಯ, ರಿಪೋರ್ಟಿನ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ತಪ್ಪಾಯಿತು ಅಕ್ಕ, ನನ್ನದೇ ತಪ್ಪು ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು. ಎಷ್ಟು ಬೇಗ ಹಗುರಾಯಿತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಕೆ ಕಾಳನ್ನು ತಟ್ಟೆಗೆ ಉದುರಿಸುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ ಕೇಳಿದರು: “ಬೈದಿದ್ದು ಎಲ್ಲಿ ನೀನು?”

“ಶೆಡ್ಡಲ್ಲಿ.”

“ಅಷ್ಟು ಜನದ ಮುಂದೆ ಬೈದು, ಈಗ ನನ್ ಮನೆ ಮೆಟ್ಲ ಮೇಲೆ ಕೂತ್ಕೊಂಡು ತಪ್ಪಾಯ್ತು ಅಂತೀಯಾ? ಇಲ್ಲಿ ಯಾರವ್ರೆ ಕೇಳಕ್ಕೆ? ಈ ಅವರೆಕಾಯಾ?”

ನಾನು ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟೆ.

“ಮೊನ್ನೆ ಇಂದ್ಲ ಬೀದಿ ಶೆಡ್ಡಿಗೆ ಓಗಿದ್ದೆ, ಮನೇಲಿ ಕೂತು ಕೈ ಜೋಮಿಡಿತು ಅಂತ. ಯಾವಾಗ್ಲೂ ‘ಬನ್ನಿ ಬನ್ನಿ’ ಅಂತಿದ್ದೋರು, ‘ನೀವೇ ಅಂತೆ ಎಕ್ಸ್‌ಪೋರ್ಟ್ ಮಾಲು ಕೆಡಿಸಿದ್ದು’ ಅಂದ್ರು ಕಣಮ್ಮ. ನಾನು ದುಡ್ಡಿಗ್ ಬರ್ತಿದ್ನಾ? ಈ ಕೈಗೆ ಒಂದ್ ಎಸ್ರು ಇತ್ತು. ಅದನ್ ತಂದ್ಕೊಡು. ಕೊಡಂಗಿದ್ರೆ ಅಲ್ಲೇ ಕೊಡು, ಎಲ್ರ ಮುಂದೆ.”

ಸೋಮವಾರ ಬೆಳಿಗ್ಗೆ ಬೇಗ ಹೋದೆ. ರಿಪೋರ್ಟನ್ನು ಹೊಸದಾಗಿ ಬರೆದು, ಕಾರಣದ ಖಾನೆಯಲ್ಲಿ ಡ್ರಾಯಿಂಗಿನ ಸಾಲನ್ನೂ ನನ್ನ ಸಹಿಯನ್ನೂ ಹಾಕಿ, ಕೆಲಸಗಾರ್ತಿ ಮೊದಲೇ ಎಚ್ಚರಿಸಿದ್ದರು ಎಂದೂ ಸೇರಿಸಿ, ಮಾಲೀಕರನ್ನು ಕೇಳದೆ ಗಿರಾಕಿಗೆ ಕಳಿಸಿಬಿಟ್ಟೆ. ಹಳೆಯದು ಹೊಸದು ಎರಡನ್ನೂ ಪ್ರಿಂಟ್ ತೆಗೆದುಕೊಂಡೆ. ಎಲ್ಲರೂ ಬಂದು ಪ್ರೆಸ್ಸಿನ ಸ್ವಿಚ್ ಹಾಕುವ ಮೊದಲು, “ಒಂದ್ನಿಮಿಷ ನಿಲ್ಲಿ” ಎಂದು ಕೂಗಿದೆ. ಹಿಂದಿನ ದಿನ ನಾನು ಬನ್ನಿ ಎಂದು ಹೇಳಿ ಬಂದಿದ್ದಂತೆ ಅಕ್ಕ ಗೇಟಿನ ಒಳಗೆ ಬಂದು, ಬಾಗಿಲ ಹತ್ತಿರವೇ ನಿಂತಿದ್ದರು. ಮಾಲೀಕರು ಕ್ಯಾಬಿನ್ನಿನಿಂದ ಇಣುಕಿದರು.

ಹೇಳಿದೆ. ಅಕ್ಕ ಬೇಡವೆಂದದ್ದನ್ನು ನಾನು ಬೈದು ಮಾಡಿಸಿದೆ, ತಪ್ಪು ಆಕೆಯದಲ್ಲ, ನನ್ನದು ಎಂದೆ. ಕೊನೆಗೆ ಹೊಸ ರಿಪೋರ್ಟನ್ನು ಕನ್ನಡ ಮಾಡಿ ಓದಲು ಹೊರಟೆ.

“ಅದಿರ್ಲಿ,” ಎಂದರು ಅಕ್ಕ. “ಮೊದ್ಲು ಬರ್ದಿದ್ಯಲ್ಲ, ಅದನ್ನ ಓದು. ನನ್ನ ಏನಂತ ಬರ್ದಿದ್ದೆ ಅಂತ ಎಲ್ರೂ ಕೇಳ್ಲಿ.”

ಹಳೆಯ ಹಾಳೆ ತೆಗೆದೆ. ಇಂಗ್ಲಿಷಿನಲ್ಲಿ ಬೆರಳು ನೋಯದೆ ಬರೆದದ್ದನ್ನು ಕನ್ನಡದಲ್ಲಿ ಬಾಯಿಂದ ಹೊರಡಿಸಬೇಕಿತ್ತು. “ತರ್ಬೇತಿ ಇಲ್ದೇ ಇರೋ ಕೆಲಸಗಾರ್ತಿ,” ಎಂದೆ. ವೆಲ್ಡಿಂಗಿನವರೊಬ್ಬರು ‘ಥೂ’ ಎಂದದ್ದು ಕೇಳಿಸಿತು. ಉಳಿದದ್ದನ್ನೂ ಓದಿದೆ, ತರಬೇತಿ ಕೊಡುತ್ತೇವೆ ಎಂಬ ಕೊನೆಯ ಸಾಲಿನವರೆಗೆ.

“ತರಬೇತಿ ಇಲ್ಲ ಅಂತ, ಯಾರ್ ಮಾತಮ್ಮ ಅದು?” ಎಂದು ಅಕ್ಕ ಕೇಳಿದರು. “ಅವ್ರು ಏಳಿ ಬರ್ಸಿದ್ದಾ?”

ಎಲ್ಲರೂ ಮಾಲೀಕರ ಕಡೆ ನೋಡಿದರು. ‘ಹೌದು’ ಎಂದಿದ್ದರೆ ಅಲ್ಲಿ ಪ್ರತಿಯೊಬ್ಬರೂ ನಂಬುತ್ತಿದ್ದರು, ನಂಬಲು ಕಾಯುತ್ತಲೂ ಇದ್ದರು. ನನಗೂ ಆ ಮನುಷ್ಯನ ಮೇಲೆ ಬೆಟ್ಟದಷ್ಟು ಸಿಟ್ಟಿತ್ತು. ಆದರೆ ಅವರು ಹೇಳಿದ್ದು ‘ಏನಾದ್ರೂ ಹಾಕಿ’ ಎಂದಷ್ಟೇ.

“ಇಲ್ಲ ಅಕ್ಕ. ಆ ಮಾತು ನಂದೇ,” ಎಂದೆ.

ಆಕೆ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನಡೆದುಕೊಂಡು ತಮ್ಮ ಬೆಂಚಿಗೆ ಬಂದು, ಡ್ರಾಯರ್ ಎಳೆದು, ಬಟ್ಟೆ ಬಿಚ್ಚಿ ಅರವನ್ನು ತೆಗೆದರು. ಒಂದು ಕಬ್ಬಿಣದ ತುಂಡನ್ನು ಬೆಂಚಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿ ಬಿಗಿ ಮಾಡಿದರು. ಅರದ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಚಾಚಿದರು.

“ಕೊಡ್ತೀವಿ ಅಂತ ಬರ್ದಿದ್ಯಲ್ಲ ತರಬೇತಿ. ಕೊಡು. ಏನ್ ಕಲಿಸ್ತೀಯೋ ನೋಡಾನ.”

ಡಿಪ್ಲೊಮಾ ಓದುವಾಗ ಒಂದು ವರ್ಷ ಅರ ಹಿಡಿದಿದ್ದೆ. ಆಮೇಲೆ ಹಿಡಿದದ್ದೆಲ್ಲ ಪೆನ್ನು. ಅರವನ್ನು ತುಂಡಿನ ಮೇಲಿಟ್ಟು ತಳ್ಳಿದೆ. ಕಿರ್ರೆಂದು ಕೂಗಿ ಪಕ್ಕಕ್ಕೆ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಅಂಚಿನ ಮೇಲೆ ಅಡ್ಡಾದಿಡ್ಡಿ ಗೆರೆಗಳು ಬಿದ್ದವು. ಅಕ್ಕ ಹೊಸದಾಗಿ ಕೆಲಸ ಕಲಿಯಲು ಬಂದವರ ಹಾಗೆ ಕೈಕಟ್ಟಿ ಪಕ್ಕದಲ್ಲಿ ನಿಂತು, ಕಣ್ಣು ತೆಗೆಯದೆ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪ್ರೆಸ್ಸಿನ ಸ್ವಿಚ್ಚನ್ನು ಯಾರೂ ಹಾಕಲಿಲ್ಲ, ಮಾಲೀಕರೂ ಹಾಕಿ ಎನ್ನಲಿಲ್ಲ, ಇಡೀ ಶೆಡ್ಡಿನಲ್ಲಿ ನನ್ನ ಅರದ ಸದ್ದೊಂದೇ. ಆಕೆ ಸಾಕು ಎನ್ನುವವರೆಗೆ ಉಜ್ಜಿದೆ. ಆಕೆ ಬೇಗ ಹೇಳಲಿಲ್ಲ.